‘ಬುಡು’ ಎಂದರೆ

ಜೂನ್ 3, ಸೋಮವಾರ. ಬೆಳಿಗ್ಗೆ 8

ವೇದಿಕೆಯ ಮೇಲಿನ ಗಣ್ಯರೇ, ಕೆಳಗಿನ ನಗಣ್ಯರೇ, ಉಪ್ಪಿಟ್ಟು ಮುಗಿಯುವ ಮುನ್ನ ಬಂದ ಧನ್ಯರೇ — ಸನ್ಮಾನದ ಭಾಷಣ ಹೀಗೆ ಶುರು ಮಾಡೋಣ ಎಂದಿದ್ದೇನೆ. ಹೆಂಡತಿ ಪ್ರಮೀಳಾಗೆ ಓದಿ ಹೇಳಿದೆ.

“ನಿಮ್ ಪ್ರಾಸುಕ್ಕೆ ನಾಕು ಜನ ಎದ್ದೋಯ್ತಾರೆ, ಅಷ್ಟೆಯಾ” ಎಂದಳು.

ಈಗಷ್ಟೇ ಪ್ರಾಕ್ಟೀಸ್ ಮುಗಿಸಿ ಬಂದೆ. ಊರಲ್ಲಿದ್ದರೆ ಬಾಬುರಾಯನಕೊಪ್ಪಲಿನ ಮಕ್ಕಳಿಗೆ ಬೆಳಿಗ್ಗೆ ಓಟ. ಇಲ್ಲದಿದ್ದರೆ ದೇಶದ ಮಹಿಳಾ ಹ್ಯಾಂಡ್‌ಬಾಲ್ ತಂಡದ ಕೋಚು, ಹನ್ನೊಂದು ವರ್ಷದಿಂದ. ಆರು ಪದಕ. ಅದಕ್ಕೇ ನಾಲ್ಕು ತಾಲ್ಲೂಕಿನ ಸನ್ಮಾನ. ಶ್ರೀರಂಗಪಟ್ಟಣದ್ದು ಆಯಿತು. ಶಾಲು ಬಿಸಿ, ಮೈಕು ಹುಸಿ.

ಜೂನ್ 5, ಬುಧವಾರ

ಆಯ್ಕೆ ಸಮಿತಿಯಿಂದ ಮೇಲ್. ಹರ್ಷಿತಳ ವಿಷಯ. ಕೆ.ಆರ್.ಪೇಟೆ ಹುಡುಗಿ, ಇಪ್ಪತ್ತು ವರ್ಷ, ಎಡಗೈ ಆಟಗಾರ್ತಿ. ಮಾರ್ಚ್ ಪಂದ್ಯದ ಬಗ್ಗೆ ನಾನು ಕೊಟ್ಟ ವರದಿಯನ್ನು ಖಾತ್ರಿ ಮಾಡಬೇಕಂತೆ. ಹದಿನೈದರ ಸಂಜೆ ಐದರೊಳಗೆ. ಖಾತ್ರಿಯಾದರೆ ಎರಡು ವರ್ಷ ಅವಳಿಗೆ ತಂಡದ ಕ್ಯಾಂಪ್ ಇಲ್ಲ.

ವರದಿ ಸರಳ. 24–24. ಒಂಬತ್ತು ಸೆಕೆಂಡ್ ಬಾಕಿ. ಡ್ರಾ ಆದರೂ ಫೈನಲ್ ನಮಗೇ. ಚೆಂಡು ಹರ್ಷಿತಳ ಕೈಯಲ್ಲಿ. ನಾನು ಬೆಂಚಿನಿಂದ “ಬುಡು” ಎಂದು ಕೂಗಿದೆ. ಅವಳು ಗೋಲಿಗೆ ಹೊಡೆದಳು. ಅವರ ಕೀಪರ್ ತಡೆದು, ಅಲ್ಲಿಂದಲೇ ಉದ್ದಕ್ಕೆ ಎಸೆದಳು... 24–25. ಮನೆಗೆ ಬಂದೆವು.

ವಿಡಿಯೊದಲ್ಲಿ ನನ್ನ ‘ಬುಡು’ ಸ್ಪಷ್ಟವಾಗಿದೆ. ಸಮಿತಿಯಲ್ಲಿ ಕನ್ನಡದವರಿಲ್ಲ, ಅರ್ಥ ಕೇಳಿದ್ದರು. ‘ಬಿಟ್ಟುಬಿಡು, ಹೊಡೆಯಬೇಡ’ ಎಂದು ಬರೆದುಕೊಟ್ಟೆ. ಆಟಗಾರ್ತಿ ಮಾತು ಕೇಳಲಿಲ್ಲ ಎಂದು ಷರಾ.

ನಮ್ಮ ಕಡೆ ಬಾಣವನ್ನೂ ಬುಡುತ್ತಾರೆ, ಏಟನ್ನೂ ಬುಡುತ್ತಾರೆ, ಬೀಡಿಯನ್ನೂ ಬುಡುತ್ತಾರೆ. ಹೊಡೆಯುವುದಕ್ಕೂ ಅದೇ ಮಾತು, ಬಿಡುವುದಕ್ಕೂ ಅದೇ. ನಿಘಂಟು ನನ್ನ ಪರ.

ಜೂನ್ 9, ಭಾನುವಾರ

ಪಾಂಡವಪುರ. ಹಾರ ಭಾರ, ಬೋಂಡ ಖಾರ, ನಿರೂಪಕ ಘೋರ. ಮೇಲ್‌ಗೆ ಉತ್ತರಿಸಿಲ್ಲ.

ಜೂನ್ 13, ಗುರುವಾರ

ಕೆ.ಆರ್.ಪೇಟೆ. ಇಲ್ಲಿ ಬೆಳ್ಳಿಯ ಚೆಂಡು ಕೊಟ್ಟರು. ಮಾಡಿದವರು ಅಕ್ಕಸಾಲಿ ಮೌನೇಶ್ — ಹರ್ಷಿತಳ ಅಪ್ಪ. ಸನ್ಮಾನ ಸಮಿತಿಯವರಿಗೆ ಬೇರೆ ಅಕ್ಕಸಾಲಿ ಸಿಗಲಿಲ್ಲವೇ.

“ಬೆಸುಗೆ ಕಾಣಕಿಲ್ಲ ನೋಡಿ ಸಾ” ಎಂದರು.

“ಒಳ್ಳೆ ಕೆಲ್ಸ, ಆಚಾರ್ರೇ.”

ಪಕ್ಕಕ್ಕೆ ಕರೆದರು. “ಉಡ್ಗೀನ ಮೈಸೂರ್ಗೆ ಕರ್ಕೊಂಡೋಗಿದ್ದೆ ಸಾ. ಕಿವಿ ಟೆಸ್ಟ್ ಮಾಡ್ಸಕ್ಕೆ.”

“ಯಾಕೆ?”

“ನೀವು ಬ್ಯಾಡ ಅಂತ ಬುಡು ಅಂದಿದ್ದು ಅವ್ಳ್ಗೆ ಒಡಿ ಅಂದಂಗೆ ಕೇಳುಸ್ತಲ್ಲ. ಡಾಕ್ಟ್ರು ಎರಡು ಕಿವೀನೂ ಸರ್ಯಾಗವೆ ಅಂದ್ರು. ಇವ್ಳು ಒಪ್ಪಾಕಿಲ್ಲ. ಇನ್ನೊಂದ್ ಕಡೆ ತೋರ್ಸಪ್ಪ ಅಂತಾಳೆ. ಸಾ ಯಾಕೆ ಸುಳ್ ಯೋಳ್ತಾರೆ ಅಂತಾಳೆ.”

ಹರ್ಷಿತ ಅಪ್ಪನ ಹಿಂದೆಯೇ ನಿಂತಿದ್ದಳು. “ಮುಂದಿನ್ ಸಲ ಕೈ ಸನ್ನೇನೂ ಮಾಡ್ಬುಡಿ ಸಾ. ತಪ್ಪಾಗಕಿಲ್ಲ.”

ವೇದಿಕೆಗೆ ಕರೆದರು. ಹೋದೆ. ಗಣ್ಯರೇ, ನಗಣ್ಯರೇ ಎಂದೆ. ನಕ್ಕರು. ಚೆಂಡು ಎತ್ತಿ ತೋರಿಸಿ ಎಂದರು, ತೋರಿಸಿದೆ. ಮೌನೇಶ್ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದರು.

ಜೂನ್ 15, ಶನಿವಾರ. ಮಧ್ಯಾಹ್ನ 3.40

ನಾಗಮಂಗಲ. ಸನ್ಮಾನ ನಾಲ್ಕಕ್ಕೆ, ಮೇಲ್ ಐದಕ್ಕೆ. ಸಂಘಟಕರು ಪೇಟ ಹುಡುಕಲು ಹೋಗಿದ್ದಾರೆ. ನನ್ನ ತಲೆ ದೊಡ್ಡದಂತೆ.

ಪ್ರಾಸ ಸಾಕು.

ಡ್ರಾ ಬೇಕಿರಲಿಲ್ಲ ನನಗೆ. ಹನ್ನೊಂದು ವರ್ಷದಲ್ಲಿ ಆ ತಂಡವನ್ನು ಒಮ್ಮೆಯೂ ಗೆದ್ದಿರಲಿಲ್ಲ. ಸೋತ ಮೇಲೆ ಹೆದರಿಕೆ — ಏಪ್ರಿಲ್‌ನಲ್ಲಿ ಕಾಂಟ್ರಾಕ್ಟ್ ರಿನ್ಯೂವಲ್ ಇತ್ತು. ಆಯಿತು ಕೂಡ.

ಮೇಲ್ ಬರೆದಿಟ್ಟಿದ್ದೇನೆ, ಎರಡು ಸಾಲು. ಕಳಿಸಿದರೆ ಕೋಚ್ ಕೆಲಸ ಹೋಗುತ್ತದೆ. ಸಮಿತಿಗಿಂತ ಮೊದಲು ಅವಳಿಗೆ ಹೇಳಬೇಕೆನಿಸಿತು. ಮೌನೇಶರಿಗೆ ಫೋನ್ ಮಾಡಿದೆ. ಹರ್ಷಿತಳೇ ಎತ್ತಿದಳು. ಮೈಸೂರಿನಲ್ಲಿ ಇನ್ನೊಬ್ಬ ಕಿವಿ ಡಾಕ್ಟರ ಹತ್ತಿರ ಬಂದಿದ್ದಾರಂತೆ. ಟೋಕನ್ ಹದಿನೇಳು, ಒಳಗೆ ಹದಿನಾರು.

“ಎದ್ ಬಂದ್ಬುಡಮ್ಮ” ಎಂದೆ.

“ಯಾಕ್ ಸಾ?”

“ನಾನು ಹೊಡಿ ಅಂತ್ಲೇ ಬುಡು ಅಂದಿದ್ದು ಕಣಮ್ಮ. ಸುಳ್ಳು ಬರ್ದೋನು ನಾನು.”