ಮೇವಿಸ್ ಮಾಡಿದ ಪೈ

ಪ್ರಿಯ ವಿಲ್ಫ್,

ಅಕ್ಕನ ಮನೆ ಸೇರಿದ್ದೇನೆ. ಬೆಕ್ಕಿಗೆ ಮರೆಯದೆ ಹಾಲಿಡು.

ಮೂವತ್ತು ವರ್ಷ ನೀನು ನನ್ನ ಸೇಬಿನ ಪೈ ತಿಂದು ‘ಕೆಟ್ಟದಾಗೇನಿಲ್ಲ’ ಎಂದೆ. ನಮ್ಮ ಯಾರ್ಕ್‌ಷೈರ್ ಸೀಮೆಯ ಗಂಡಸರು ಹೊಗಳುವುದೇ ಹಾಗೆಂದು ನಾನೂ ಹಿಗ್ಗಿದೆ. ನನ್ನನ್ನು ಮದುವೆಗೆ ಕೇಳಿದಾಗಲೂ ‘ನೀನಾದ್ರೆ ನಂಗೇನೂ ಅಡ್ಡಿಯಿಲ್ಲ’ ಎಂದವನು ನೀನು.

ಭಾನುವಾರ ಚರ್ಚಿನ ಚಹಾಕೂಟದಲ್ಲಿ ನೀನು ಪಕ್ಕದ ಮನೆಯ ಮೇವಿಸ್ ಮಾಡಿದ ಪೈ ಬಾಯಿಗಿಟ್ಟು, ‘ಆಹಾ, ಎಷ್ಟ್ ಚೆನ್ನಾಗಿದೆ ಮೇವಿಸ್!’ ಎಂದುಬಿಟ್ಟೆ. ಅವಳು ನನ್ನ ಕಡೆ ತಿರುಗಿ, ‘ನಿನ್ ಗಂಡಂಗೆ ಹೊಗಳೋಕೂ ಬರುತ್ತಲ್ಲೇ ನೋರಾ!’ ಎಂದು ನಕ್ಕಳು. ಪಾದ್ರಿಯ ಹೆಂಡತಿಯೂ ನಕ್ಕಳು. ನಾನು ಅಲ್ಲಿಗೆ ಒಯ್ದಿದ್ದ ಪೈ ಹಾಗೆಯೇ ಮನೆಗೆ ವಾಪಸಾಯಿತು. ಅದು ಕಪಾಟಿನಲ್ಲಿದೆ, ತಿನ್ನು.

ಶನಿವಾರ ನಾಲ್ಕರ ಬಸ್ಸಿಗೆ ಬರಲೋ ಬೇಡವೋ ಬರೆದು ತಿಳಿಸು. ‘ಬಂದರೆ ಅಡ್ಡಿಯಿಲ್ಲ’ ಎಂದು ಮಾತ್ರ ಬರೆಯಬೇಡ.

ನಿನ್ನ
ನೋರಾ