ಪಕ್ಕದ ಕ್ಲಾಸಿನ ಚಾದರ

ಮಂಗಳವಾರ, ಹನ್ನೆರಡನೇ ತಾರೀಖು

ಗೋಡೆಯಾಚೆಯ ಆ ನಗು ಇನ್ನೂ ಕಿವಿಯಲ್ಲೇ ಇದೆ. ಒಂದನೇ ಕ್ಲಾಸಿಗೆ ಈ ವಾರ ತಳ್ಳುವುದು, ಎಳೆಯುವುದು ಪಾಠ. ನಾನು ಬೋರ್ಡಿನ ಮೇಲೆ ಅಚ್ಚುಕಟ್ಟಾಗಿ ಬಾಣ ಬರೆದೆ. ಪಕ್ಕದ ಸೆಕ್ಷನ್ನಿನ ಹೊಸ ಟೀಚರ್, ಬಂದು ಮೂರು ತಿಂಗಳೂ ಆಗಿಲ್ಲ, ಮಕ್ಕಳನ್ನು ಹಳೇ ಚಾದರದ ಮೇಲೆ ಕೂರಿಸಿ ಎಳೆಸಿದಳು. ನನ್ನ ಹದಿನೆಂಟು ವರ್ಷದ ಸರ್ವಿಸು ಒಂದು ಚಾದರದ ಮುಂದೆ ಮಂಕಾಯಿತು.

"ಎಳೆಯೋದು ಅಂದ್ರೇನು, ಯಾರು ಹೇಳ್ತೀರಿ?" ಅಂದೆ. ಎಂದೂ ಬಾಯಿ ಬಿಡದ ಮೊದಲ ಬೆಂಚಿನ ಪುಟ್ಟಿ ಎದ್ದು ಬಂದು ನನ್ನ ಕೈ ಹಿಡಿದು ಜಗ್ಗಿದಳು. "ಟೀಚರ್, ಆ ಕ್ಲಾಸಿಗೆ ಹೋಗೋಣ ಬನ್ನಿ."

ಮೈಯೆಲ್ಲ ಉರಿದುಹೋಯಿತು. ಆದರೂ ಎಲ್ಲರೂ ಹೋದೆವು.

"ಕೂತ್ಕೊಳ್ಳಿ ಮೇಡಂ," ಅಂದಳು ಹೊಸ ಟೀಚರ್, ಚಾದರ ತೋರಿಸಿ. ಅವಳ ಮಕ್ಕಳು ಎಳೆದರು. ಚಾದರ ಜಪ್ಪಯ್ಯ ಅಂದರೂ ಅಲುಗಲಿಲ್ಲ. ಒಳಗೊಳಗೇ ಖುಷಿಪಟ್ಟೆ. ಅಷ್ಟರಲ್ಲಿ ನನ್ನ ಮಕ್ಕಳೇ ಓಡಿಬಂದು ಕೈಜೋಡಿಸಿದರು, ದ್ರೋಹಿಗಳು. ಚಾದರ ಸರ್ರನೆ ಜಾರಿತು. ಎಲ್ಲರಿಗಿಂತ ಜೋರಾಗಿ ಕೇಕೆ ಹಾಕಿದವಳು ನಾನೇ. ಅದಕ್ಕೇ ಹೊಟ್ಟೆ ಇನ್ನೂ ಹೆಚ್ಚು ಉರಿಯುತ್ತಿದೆ.

ಈಗಷ್ಟೇ ಇವರನ್ನು ಮಂಚದಿಂದ ಎಬ್ಬಿಸಿ, ಹಾಸಿದ್ದ ಚಾದರ ಮಡಚಿ ಬ್ಯಾಗಿಗೆ ತುರುಕಿದೆ. "ಏನೇ ಇದು?" ಅಂದರು.

ಅವಳದು ಸಿಂಗಲ್. ಇದು ಡಬಲ್.