ಅಂಟಿಸಿದ ಹಾಳೆಯ ಕೆಳಗೆ

ಶನಿವಾರ, ಇಳಿಹೊತ್ತು

ನನ್ನ ಪುಟ್ಟಿಗೆ,

ಅದೇ, ನಿನ್ನೆ ಅರ್ಧಕ್ಕೇ ನಿಂತಿತಲ್ಲ ಮಾತು. ಮಾತ್ರೆ ತಗೊಂಡ್ಯಾ ಅಂತ ನೀನು ಕೇಳಿದೆ, ನಾನು ಕೆಮ್ಮಿದೆ. ‘ಅಪ್ಪಾ, ಕೆಮ್ಮು ಉತ್ತರ ಅಲ್ಲ’ ಅಂದೆ ನೀನು. ಎದುರಿಗೆ ನಿಂತರೆ ನಿನ್ನ ಮುಖ ನಿಮ್ಮಮ್ಮನದೇ ಆಗಿಬಿಡುತ್ತದೆ, ನನ್ನ ಬಾಯಿ ತಾನಾಗಿ ‘ಎಲ್ಲಾ ಸರಿಯಾಗಿದೆ’ ಎನ್ನುತ್ತದೆ. ಅದಕ್ಕೇ ಬರೆದು ಮೇಜಿನ ಮೇಲಿಡುತ್ತಿದ್ದೇನೆ. ಕೆಲಸ ಮುಗಿಸಿ ಬಂದಾಗ ಓದು.

ಸೋಮವಾರ ಹರ್ನಿಯಾ ಆಪರೇಷನ್. ಪುಸ್ತಕ ಒತ್ತುವ ಪ್ರೆಸ್ಸಿನ ಹಿಡಿ ತಿರುಗಿಸಿದಾಗೆಲ್ಲ ಹೊಟ್ಟೆಯ ಗಂಟು ಎದ್ದು ನಿಲ್ಲುತ್ತದೆ, ಅದು ನಿನಗೆ ಗೊತ್ತು. ಗೊತ್ತಿಲ್ಲದ್ದು ಹೇಳುತ್ತೇನೆ. ಐದು ತಿಂಗಳ ಹಿಂದೆ ಸ್ಟೆಂಟ್ ಹಾಕಿದಾಗ ಹೃದಯದ ಡಾಕ್ಟರು ಇಂಗ್ಲಿಷಿನಲ್ಲಿ ಒಂದು ಹಾಳೆ ಕೊಟ್ಟಿದ್ದರಲ್ಲ. ಹೊಟ್ಟೆಯ ಡಾಕ್ಟರ ಕಡೆಯವರು ಈಗ ಎಲ್ಲರಿಗೂ ಕೊಡುವ ಇನ್ನೊಂದು ಅಚ್ಚುಹಾಳೆ ಕೊಟ್ಟರು. ರಕ್ತ ತೆಳುವಾಗಿಸುವ ಮಾತ್ರೆಗಳನ್ನು ಐದು ದಿನ ಮೊದಲೇ ನಿಲ್ಲಿಸಬೇಕಂತೆ. ನಲವತ್ತು ವರ್ಷ ಪುಸ್ತಕ ಬೈಂಡ್ ಮಾಡಿದವನು ನಾನು. ತಪ್ಪಾದ ಪುಟಕ್ಕೆ ತಿದ್ದುಪಡಿ ಚೀಟಿ ಬಂದರೆ ಹಳೆಯದರ ಮೇಲೆ ಅಂಟಿಸುತ್ತೇವೆ, ಆಮೇಲೆ ಮೇಲಿನದೇ ಸರಿ. ಔಷಧಿಯ ನೋಟುಬುಕ್ಕಿನಲ್ಲೂ ಹಾಗೇ ಮಾಡಿದೆ, ಹೃದಯದ ಡಾಕ್ಟರ ಹಾಳೆಯ ಮೇಲೆ ಈ ಹೊಸದು. ಒಂದು ಮೂಲೆಯೂ ಏಳದ ಹಾಗೆ ಅಂಟಿಸಿದ್ದೇನೆ. ಕೆಲಸ ಚೆನ್ನಾಗಿಯೇ ಆಗಿದೆ, ಅದೇ ತೊಂದರೆ.

ಹೊಟ್ಟೆಯ ಡಾಕ್ಟರು ‘ಎದೆನೋವು ಏನಾದ್ರೂ ಇದ್ಯಾ ಯಜಮಾನ್ರೇ’ ಎಂದರು. ಇಲ್ಲ ಎಂದೆ. ಸ್ಟೆಂಟ್ ಹಾಕಿದ್ದರಿಂದಲೇ ಹೋಯಿತು ಎನ್ನಲಿಲ್ಲ. ಹೇಳಿದರೆ ಮುಂದಕ್ಕೆ ಹಾಕುತ್ತಾರೆ. ನಿಮ್ಮಮ್ಮನ ಆಪರೇಷನ್ನನ್ನು ಮೂರು ಸಲ ಮುಂದಕ್ಕೆ ಹಾಕಿದರು, ಆಮೇಲೆ ಹಾಕುವುದಕ್ಕೆ ದಿನವೇ ಉಳಿಯಲಿಲ್ಲ.

ಕೆಳಗಿನ ಹಾಳೆಯಲ್ಲೂ ‘ಸ್ಟಾಪ್’ ಎಂದು ಎಲ್ಲೋ ಇತ್ತು. ಅದರ ಹಿಂದೆಮುಂದೆ ಏನಿತ್ತೋ ನೆನಪಾಗುತ್ತಿಲ್ಲ. ಕಾಲೇಜಿನಲ್ಲಿ ಇಡೀ ಪುಟವನ್ನು ನಾಲ್ಕು ಸಾಲಿಗಿಳಿಸಿದರೆ ಇಂಗ್ಲಿಷ್ ಮೇಷ್ಟ್ರು ‘ಗುಡ್’ ಹಾಕುತ್ತಿದ್ದರು. ಇಳಿಸಿ ಇಳಿಸಿ ಈಗ ಒಂದೇ ಪದ ಉಳಿದಿದೆ.

ಪುಟವನ್ನು ಕಿಟಕಿಯ ಗಾಜಿಗೆ ಒತ್ತಿ ನೋಡಿದೆ. ಎರಡು ಹಾಳೆಯ ಅಕ್ಷರಗಳೂ ಒಂದರೊಳಗೊಂದು ಸಿಕ್ಕಿಕೊಂಡಿವೆ. ಒಂದು ‘ನಾಟ್’ ಕಾಣುತ್ತಿದೆ, ಯಾವ ಹಾಳೆಯದೋ. ‘ಒನ್ ಇಯರ್’ ಅಂತಲೂ ಇದೆ, ಅದು ಖಂಡಿತ ಕೆಳಗಿನದು. ಅದರ ಮುಂದೆ ಇನ್ನೂ ಒಂದು ಸಾಲಿದೆ ಪುಟ್ಟಿ, ಆದರೆ ಬೆಳಕು ಹೋಗುತ್ತಿದೆ.

ನಿನ್ನ
ಅಪ್ಪ

ಬರೆಯದೆ ಬಿಟ್ಟದ್ದು: ಮಾತ್ರೆ ನಿಲ್ಲಿಸಿ ಇವತ್ತಿಗೆ ನಾಲ್ಕು ದಿನ. ಬೆಳಗಿನಿಂದ ಎದೆಯ ಮೇಲೆ ಪ್ರೆಸ್ಸಿನ ಹಲಗೆ ಇಳಿಸಿದ ಹಾಗಿದೆ. ನೋವಾ ಎಂದು ಕೇಳಬೇಡ, ಇಲ್ಲ ಎಂದೇ ಹೇಳುತ್ತೇನೆ. ಬಾಗಿಲಿಗೆ ಚಿಲಕ ಹಾಕಿಲ್ಲ.